ಸಾಲದ ಹಾಲು

ಹೊಸ ಹುಣಸೆಹಣ್ಣಿನ ವಾಸನೆ ಬಂದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಎದೆ ಬಿಗಿಯುತ್ತದೆ. ಹೋದ ತಿಂಗಳು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸು ಹತ್ತಿ ಕೂತಿದ್ದೆ. ಒಬ್ಬಾತ ಎರಡು ಮೂಟೆ ಹುಣಸೆಹಣ್ಣನ್ನು ಡ್ರೈವರ್ ಸೀಟಿನ ಹಿಂದೆ ತುರುಕಿ, ಲಗೇಜಿನ ವಿಷಯಕ್ಕೆ ಕಂಡಕ್ಟರ್ ಜೊತೆ ಜಗಳಕ್ಕೆ ನಿಂತ. ಬಿಸಿಲಿಗೆ ಬಸ್ಸಿನ ತಗಡು ಕಾದು, ಆ ಕಾವಿಗೆ ಗೋಣಿಯೊಳಗಿನ ಹಣ್ಣು ಬೆವೆತು, ಹುಳಿಯೂ ಬೆಲ್ಲವೂ ಕಲೆಸಿದಂಥ ವಾಸನೆ ಬಸ್ಸಿಡೀ ತುಂಬಿತು. ಪಕ್ಕದಲ್ಲಿದ್ದ ಹೆಂಗಸು ಈ ಸಲ ಹಣ್ಣು ಚೆನ್ನಾಗಿ ಬಂದಿದೆ ಅಂತ ಏನೋ ಹೇಳುತ್ತಿದ್ದಳು. ನಾನು ನನಗೇ ಗೊತ್ತಿಲ್ಲದೆ ಸೆರಗನ್ನು ಎದೆಯ ಮೇಲೆ ಎಳೆದುಕೊಂಡಿದ್ದೆ. ಆ ಬೇಸಿಗೆ ಕಳೆದು ವರ್ಷಗಳಾದವು. ಮೈ ಇನ್ನೂ ಅದನ್ನು ಮರೆತಿಲ್ಲ.

ನಾನು ಶಿರಾದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ವರ್ಷ ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಬಂದಿದ್ದೆ. ತವರು ಐ.ಡಿ.ಹಳ್ಳಿಯಿಂದ ಸ್ವಲ್ಪ ಒಳಗೆ. ಮಳೆ ನಂಬಿದ ಹೊಲ, ಹೊಲದ ಬದುವಿನುದ್ದಕ್ಕೂ ತಾತ ನೆಟ್ಟ ಹುಣಸೆಮರಗಳು. ನನ್ನ ಗಂಡ ಮಂಜುನಾಥ್ ಕ್ಯಾತಗಾನಚೆರ್ಲು ಕಡೆಯ ಸೋಲಾರ್ ಪಾರ್ಕಿನಲ್ಲಿ ಎಲೆಕ್ಟ್ರಿಷಿಯನ್. ಭಾನುವಾರ ಬೈಕಿನಲ್ಲಿ ಬಂದು ಸಂಜೆಗೆ ವಾಪಸು ಹೋಗುತ್ತಿದ್ದರು. ದಿನ ತುಂಬುವ ಮೊದಲೇ ನನಗೆ ನೋವು ಬಂತು. ಎಂಟು ತಿಂಗಳಿಗೇ ಹುಟ್ಟಿದ ಮಗಳು. ತುಮಕೂರಿನ ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ತೂಕ ಏರಬೇಕು, ಎದೆಹಾಲು ಚೆನ್ನಾಗಿ ಕುಡಿಸಿ.

ಎದೆಹಾಲು ಇದ್ದರಲ್ಲವೇ ಕುಡಿಸುವುದು. ನನ್ನ ಅವ್ವ ಬಾಣಂತನಕ್ಕೆ ಏನೂ ಕಮ್ಮಿ ಮಾಡಿರಲಿಲ್ಲ. ಸುಟ್ಟ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಮೆಂತ್ಯದ ಗಂಜಿ. ದಿನಾ ಅದೇ, ಹೊತ್ತಿಗೊಂದು ಸಲ. ತಿಂದದ್ದೆಲ್ಲ ಬೆವರಾಗಿ ಹೋಗುತ್ತಿತ್ತೋ ಏನೋ, ಎದೆಗೆ ಮಾತ್ರ ಇಳಿಯುತ್ತಿರಲಿಲ್ಲ. ಕೂಸಿಗೂ ಶಕ್ತಿ ಇರಲಿಲ್ಲ. ನಾಲ್ಕು ಸಲ ಚೀಪಿ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದಳು, ಹಸಿವಿಗೆ ಎಚ್ಚರಾಗಿ ಅಳುತ್ತಿದ್ದಳು. ಆ ಅಳುವಿಗೆ ಸದ್ದು ಕೂಡ ಹೆಚ್ಚಿರಲಿಲ್ಲ. ಬೆಕ್ಕಿನ ಮರಿ ದೂರದಲ್ಲೆಲ್ಲೋ ಕೂಗಿದ ಹಾಗೆ. ಮೊದಲ ಸಲ ತೂಕ ಮಾಡಿಸಿದಾಗ ಆಸ್ಪತ್ರೆಯಿಂದ ಬಂದಾಗಿನದಕ್ಕಿಂತ ಇಳಿದಿತ್ತು. ಡಬ್ಬಿಯ ಹಾಲಿನ ಪುಡಿ ತಂದು ಕುದಿಸಿ ಆರಿಸಿದ ನೀರಿನಲ್ಲಿ ಕಲೆಸಿ ಒಳಲೆಯಲ್ಲಿ ಕುಡಿಸಿದೆವು. ವಾಂತಿ, ಭೇದಿ ಎರಡೂ ಶುರುವಾದವು. ಮಧುಗಿರಿ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಮಕ್ಕಳ ಡಾಕ್ಟರು ಕೂಸಿನ ಹೊಟ್ಟೆಯ ಚರ್ಮ ಚಿವುಟಿ ನೋಡಿದರು, ಔಷಧಿ ಕೊಟ್ಟರು, ಭೇದಿ ನಿಂತಿತು. ಆ ಪುಡಿ ಇವಳಿಗೆ ಹಿಡಿಸುತ್ತಿಲ್ಲ, ಸದ್ಯಕ್ಕೆ ಬೇಡ, ಎದೆಹಾಲು ಎಷ್ಟು ಬರುತ್ತೋ ಅಷ್ಟೇ ಕೊಡುತ್ತಿರಿ, ಬರೋ ಸೋಮವಾರ ಮತ್ತೆ ತೂಕ ನೋಡೋಣ ಅಂದರು. ಇನ್ನೂ ಇಳಿದಿದ್ದರೆ ತುಮಕೂರಿಗೆ ಕಳಿಸಿ ಅಡ್ಮಿಟ್ ಮಾಡಿಸಲೇಬೇಕಾಗುತ್ತದೆ ಅಂತಲೂ ಹೇಳಿದರು. ಡಾಕ್ಟರು ಅದನ್ನು ಮೆತ್ತಗೇ ಹೇಳಿದರು. ಬಸ್ಸಿನಲ್ಲಿ ಬರುವಾಗ ಅವ್ವನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಅವ್ವ ದೇವರನ್ನು ನಂಬಿದ ಹೆಂಗಸು. ಶನಿವಾರ ಒಪ್ಪತ್ತು, ಮನೆದೇವರು ನರಸಿಂಹಸ್ವಾಮಿಗೆ ಎರಡು ಹೊತ್ತು ದೀಪ. ಮನೆಗೆ ಬಂದವಳೇ ಅರಿಸಿನದ ಬಟ್ಟೆಯಲ್ಲಿ ಕಾಣಿಕೆ ಸುತ್ತಿ ದೇವರ ಗೂಡಿನಲ್ಲಿಟ್ಟು ಮುಡಿಪು ಕಟ್ಟಿಕೊಂಡಳು. ಬಂದು ನನ್ನ ಪಕ್ಕ ಕೂತು, ಕೂಸಿನ ಅಂಗಾಲು ಉಜ್ಜುತ್ತಾ ಹೇಳಿದಳು: "ಕೊಟ್ಟೋನಿಗೆ ಗೊತ್ತಿಲ್ವೇನವ್ವ ಇದರ ಹೊಟ್ಟೆ ಎಷ್ಟಿದೆ ಅಂತ. ಕೊಡ್ತಾನೆ, ಸುಮ್ಕಿರು."

ನನಗೆ ಮೈಯೆಲ್ಲ ಉರಿದುಹೋಯಿತು. "ಯಾವಾಗ ಕೊಡ್ತಾನವ್ವ? ಕೂಸು ಇದ್ದಾಗ್ಲೋ, ಹೋದ್ಮೇಲೋ?"

ಅವ್ವನ ಕೈ ಕೂಸಿನ ಅಂಗಾಲ ಮೇಲೇ ನಿಂತಿತು. ಅವಳು ಬೈಯಲಿಲ್ಲ, ಬಿಡ್ತು ಅನ್ನು ಅಂತಲೂ ಹೇಳಲಿಲ್ಲ. ಎದ್ದು ಹೋಗಿ ಒಲೆಯ ಮುಂದೆ ಕೂತಳು. ಅವಳ ಬೆನ್ನು ನೋಡಿದಾಗ ಅವಳಿಗೂ ನನ್ನಷ್ಟೇ ಭಯವಿದೆ, ಅದನ್ನು ಇಡಲು ಅವಳಿಗೊಂದು ಜಾಗವಿದೆ ಅನ್ನಿಸಿತು. ನನಗೆ ಅಂಥ ಜಾಗವಿರಲಿಲ್ಲ. ದಿನವೆಲ್ಲ ತಲೆಯಲ್ಲಿ ಒಂದೇ ಪದ ಸುತ್ತುತ್ತಿತ್ತು: ಸಾಲದು. ಹಾಲು ಸಾಲದು, ತೂಕ ಸಾಲದು, ಸೋಮವಾರಕ್ಕೆ ಉಳಿದ ದಿನಗಳು ಸಾಲವು.

ಹೊರಗೆ ಅಂಗಳದಲ್ಲಿ ಆಗ ಹುಣಸೆಹಣ್ಣಿನ ಕೆಲಸ. ಬಡಿದು ಉದುರಿಸಿದ ಹಣ್ಣನ್ನು ಗುಡ್ಡೆ ಹಾಕಿ, ಚಪ್ಪರದ ನೆರಳಿನಲ್ಲಿ ಊರ ಹೆಂಗಸರು ಕೂತು ಓಡು ಬಿಡಿಸಿ, ನಾರು ಎಳೆದು, ಬೀಜ ಕುಟ್ಟಿ ತೆಗೆಯುತ್ತಿದ್ದರು. ನನ್ನ ಕೋಣೆಯ ಕಿಟಕಿ ಆ ಅಂಗಳಕ್ಕೇ ತೆರೆದಿತ್ತು. ಬಾಣಂತಿಗೆ ಹುಳಿ ತೋರಿಸಬಾರದು, ಆದರೆ ವಾಸನೆಯನ್ನು ಯಾರು ತಡೆಯುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಟಕ ಟಕ ಬೀಜ ಕುಟ್ಟುವ ಸದ್ದು, ಆ ವಾಸನೆ, ಮಧ್ಯೆ ನನ್ನ ಕೂಸಿನ ಅಳು.

ಕೆಲಸಕ್ಕೆ ಬರುತ್ತಿದ್ದವರಲ್ಲಿ ರತ್ನ ಒಬ್ಬಳು. ಊರಾಚೆಯ ಕಾಲೋನಿಯವಳು. ಅಲ್ಲಿನ ಏಳೆಂಟು ಮನೆಯವರು ಕೆಲವು ವರ್ಷಗಳ ಹಿಂದೆ ಬೌದ್ಧರಾಗಿದ್ದರು. ರತ್ನ ಮದುವೆಯಾಗಿ ಬಂದದ್ದು ಅಂಥ ಮನೆಗೆ. ಅವಳ ತವರೂ ನಮ್ಮ ಪಕ್ಕದ ಊರೇ. ಹೈಸ್ಕೂಲಿಗೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋದವರು, ಅವಳು ನನಗಿಂತ ಎರಡು ಕ್ಲಾಸು ಹಿಂದೆ. ಪಿಯುಸಿ ಮುಗಿಸಿದ್ದಳು. ಗಂಡ ಮಧುಗಿರಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ನಾಲ್ಕು ತಿಂಗಳ ಗಂಡುಮಗುವನ್ನು ಚಪ್ಪರದ ಗಳುವಿಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸಿ ಕೆಲಸಕ್ಕೆ ಕೂರುತ್ತಿದ್ದಳು. ನಾಲಿಗೆ ಸ್ವಲ್ಪ ಚುರುಕು. ನಗಿಸುವವಳೂ ಅವಳೇ, ಕೂಲಿ ವಿಷಯಕ್ಕೆ ಅಪ್ಪನ ಹತ್ತಿರ ನೇರವಾಗಿ ಮಾತಾಡುವವಳೂ ಅವಳೇ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಮಧ್ಯಾಹ್ನ ಕೂಸು ಅಳಲು ಶುರುಮಾಡಿತು. ಎದೆಗೆ ಹಿಡಿದೆ, ಬಿಟ್ಟಿತು. ಭುಜಕ್ಕೆ ಹಾಕಿದೆ, ಅತ್ತಿತು. ಎತ್ತಿಕೊಂಡು ಕಿಟಕಿಯ ಹತ್ತಿರ ಬಂದು ನಿಂತಾಗ ಹೊರಗೆ ರತ್ನ ಬೀಜ ಕುಟ್ಟುವುದನ್ನು ನಿಲ್ಲಿಸಿದ್ದು ಕಾಣಿಸಿತು. ಅವಳ ಕುಪ್ಪಸದ ಮುಂಭಾಗ ನೋಡನೋಡುತ್ತಲೇ ಒದ್ದೆಯಾಯಿತು. ಅವಳ ಮಗ ಜೋಲಿಯಲ್ಲಿ ನಿದ್ದೆ ಮಾಡುತ್ತಿದ್ದ. ಅತ್ತದ್ದು ನನ್ನ ಮಗಳು. ಪಕ್ಕದ ಹೆಂಗಸೊಬ್ಬಳು ನಕ್ಕು, ಅಲ್ಲಿ ಅತ್ತರೆ ಇಲ್ಲಿ ಇಳೀತದಲ್ಲೇ ಅಂದಳು. ರತ್ನ ನಗಲಿಲ್ಲ. ಸೆರಗು ಹೊದ್ದು ಎದ್ದಳು. ಕಿಟಕಿಯ ಹತ್ತಿರ ಬಂದು, ಹುಣಸೆಯ ಅಂಟಿನಿಂದ ಕಪ್ಪಾದ ಕೈಗಳನ್ನು ಹಿಂದಕ್ಕೆ ಹಿಡಿದುಕೊಂಡು ನಿಂತಳು.

"ಅಕ್ಕ, ಒಂದ್ ಮಾತು ಕೇಳ್ಲಾ? ಬೇಜಾರು ಮಾಡ್ಕಬ್ಯಾಡ. ನನ್ ಮಗ ಕುಡಿದ್ ಮ್ಯಾಲೂ ನಂಗೆ ಹಾಲು ಮಿಕ್ತದೆ. ಕೂಸಿಗೆ ಕೊಡ್ಲಾ?"

ತಿರುಗಿ ನೋಡಿದೆ. ಅವ್ವ ಸೊಪ್ಪು ಸೋಸುತ್ತಿದ್ದ ಮೊರವನ್ನು ಹಿಡಿದುಕೊಂಡೇ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಿದ್ದಳು. ನಮ್ಮ ಮನೆಯಲ್ಲಿ ಕಾಲೋನಿಯವರು ಜಗಲಿ ದಾಟಿ ಒಳಗೆ ಬಂದದ್ದು ನಾನು ಕಂಡಿರಲಿಲ್ಲ. ಬರಬೇಡಿ ಅಂತ ಯಾರೂ ಹೇಳುತ್ತಿರಲಿಲ್ಲ. ಅವರೂ ಬರುತ್ತಿರಲಿಲ್ಲ, ಅಷ್ಟೇ. ಅಂಗಳದಲ್ಲಿ ಕುಟ್ಟುವ ಸದ್ದು ಪೂರ್ತಿ ನಿಂತುಹೋಗಿತ್ತು. ಜಗಲಿಯ ಮೇಲೆ ಗೋಣಿ ಹೊಲಿಯುತ್ತಿದ್ದ ಅಪ್ಪನಿಗೂ ಕೇಳಿಸಿತ್ತು. ಅಪ್ಪ ದಬ್ಬಳವನ್ನು ಗೋಣಿಗೆ ಚುಚ್ಚಿಟ್ಟು, ಟವಲು ಹೆಗಲಿಗೆ ಹಾಕಿಕೊಂಡು, ಯಾರ ಕಡೆಗೂ ನೋಡದೆ ಹೊಲದ ದಾರಿ ಹಿಡಿದು ಹೋದರು. ಕೋಪ ಮಾಡಿಕೊಂಡು ಹೋದರೋ, ನಮಗೆ ದಾರಿ ಬಿಟ್ಟು ಹೋದರೋ ಗೊತ್ತಾಗಲಿಲ್ಲ. ಅವ್ವ ಅವರು ಮರೆಯಾಗುವವರೆಗೂ ನೋಡುತ್ತಿದ್ದಳು. ಮಗಳು ನನ್ನ ತೋಳಲ್ಲಿ ಬಿಕ್ಕುತ್ತಿದ್ದಳು.

"ಒಳಗ್ ಬಾರವ್ವ," ಅಂದಳು ಅವ್ವ. "ಕೈಕಾಲು ತೊಳ್ಕಂಡ್ ಬಾ." ಅಂದವಳೇ ತಡವರಿಸಿದಳು. "ಬಾಣಂತಿ ಕೋಣೆ ಅಂತ ಕಣವ್ವ. ನಾನೂ ತೊಳ್ಕಂಡೇ ಬರೋದು."

ರತ್ನ ಬಚ್ಚಲ ಕಲ್ಲಿನ ಮೇಲೆ ನಿಂತು ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡಳು. ಒಳಗೆ ಬಂದು ನೆಲದ ಮೇಲೆ ಕೂರಲು ಹೋದಳು. ನಾನು ಮಂಚದ ಮೇಲೆ ಸರಿದು ಜಾಗ ಮಾಡಿದೆ. ಮಗಳನ್ನು ಅವಳ ತೋಳಿಗೆ ಕೊಟ್ಟೆ. ಮಗಳು ಮೊದಲು ಮುಖ ಅತ್ತಿತ್ತ ತಿರುಗಿಸಿದಳು, ಹೊಸ ಮೈಯ ವಾಸನೆ ಹಿಡಿದವಳ ಹಾಗೆ. ಆಮೇಲೆ ಕಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಒಂದು ಶಬ್ದ ಕೇಳಿಸಿತು. ಗುಟುಕು ಗಂಟಲಲ್ಲಿ ಇಳಿಯುವ ಶಬ್ದ. ನನ್ನ ಮಗಳು ಹುಟ್ಟಿದಾಗಿನಿಂದ ನಾನು ಆ ಶಬ್ದ ಕೇಳಿರಲಿಲ್ಲ. ಖುಷಿಯಾಯಿತು ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ. ನನ್ನ ಮಗು ಇನ್ನೊಬ್ಬಳ ಮಡಿಲಲ್ಲಿ ಮುಷ್ಟಿ ಸಡಿಲಿಸಿ ಬೆರಳು ಬಿಚ್ಚಿತ್ತು. ನಾನು ಗೋಡೆಯ ಕಡೆ ತಿರುಗಿ ಅತ್ತೆ.

"ಅಳಬ್ಯಾಡ ಸುಮ್ಕಿರಕ್ಕ, ಅತ್ರೆ ಇರೋದೂ ಇಂಗೋಯ್ತದೆ," ಅಂದಳು ರತ್ನ.

ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ಕೈಮುಗಿದಿದ್ದಳು. "ನಮ್ ಸ್ವಾಮಿನೇ ಕಳಿಸ್ದ ಕಣವ್ವ ನಿನ್ನ."

ರತ್ನ ತಲೆ ಎತ್ತದೆ ಹೇಳಿದಳು: "ಯಾರೂ ಕಳಿಸ್ಲಿಲ್ಲಮ್ಮ. ಕೂಸು ಅಳ್ತಿತ್ತು, ಬಂದೆ."

ಅದರಲ್ಲಿ ಎದುರುತ್ತರದ ಗತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅವ್ವನಿಗೂ ನೋವಾದಂತೆ ಕಾಣಲಿಲ್ಲ. ಈ ಎರಡು ಮಾತಿನಲ್ಲಿ ಯಾವುದು ಸರಿ ಅಂತ ಆಮೇಲೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಗಣಿತದ ಟೀಚರು, ಎರಡರಲ್ಲಿ ಒಂದೇ ಉತ್ತರ ಸರಿಯಿರಬೇಕು ಅನ್ನುವವಳು. ಇಲ್ಲಿ ಮಾತ್ರ ಎರಡನ್ನೂ ಹೊಡೆದು ಹಾಕಲು ನನ್ನಿಂದ ಆಗಿಲ್ಲ.

ಆರೋಗ್ಯ ಉಪಕೇಂದ್ರದ ನರ್ಸಮ್ಮನಿಗೆ ವಿಷಯ ತಿಳಿಸಿದೆವು. ಅವರು ರತ್ನಳ ತಾಯಿ ಕಾರ್ಡು ತರಿಸಿ ಬಸುರಿನಲ್ಲಿ ಮಾಡಿಸಿದ್ದ ರಕ್ತದ ಪರೀಕ್ಷೆಗಳನ್ನೆಲ್ಲ ನೋಡಿ, ಏನೂ ತೊಂದರೆಯಿಲ್ಲ ಅಂದರು. ನನಗೆ ಮಾತ್ರ ಒಂದು ಎಚ್ಚರಿಕೆ ಕೊಟ್ಟರು: ಪ್ರತಿ ಸಲ ಮೊದಲು ನಿನ್ನ ಎದೆಗೇ ಹಾಕು, ಆಮೇಲೆ ಅವಳ ಹತ್ತಿರ ಕೊಡು, ಕೂಸು ಕೇಳುತ್ತಾ ಹೋದರೆ ಹಾಲು ಬರುತ್ತಾ ಹೋಗುತ್ತದೆ. ಹಾಗೇ ಮಾಡಿದೆವು. ರತ್ನ ಕೆಲಸದ ನಡುವೆ ಎದ್ದು ಬರುತ್ತಿದ್ದಳು, ಸಂಜೆ ಹೋಗುವಾಗ ಮತ್ತೊಂದು ಸಲ ಕೂರುತ್ತಿದ್ದಳು. ಎರಡೇ ದಿನಕ್ಕೆ ಮಗಳ ಅಳು ಬದಲಾಯಿತು. ಸದ್ದು ಬಂತು. ಅವಳು ಜೋರಾಗಿ ಅತ್ತರೆ ನಾವು ಮೂವರೂ ನಗುತ್ತಿದ್ದೆವು.

ಮೂರನೆಯ ದಿನ ರತ್ನಳ ಅತ್ತೆ ಹನುಮಕ್ಕ ಬಂದಳು. ತೆಳ್ಳಗಿನ, ಬೆನ್ನು ಸ್ವಲ್ಪ ಬಾಗಿದ ಹೆಂಗಸು. ನಮ್ಮ ಹೊಲದಲ್ಲಿ ಕಳೆ ತೆಗೆದು, ರಾಗಿ ಕೊಯ್ದು, ನನ್ನನ್ನು ಚಿಕ್ಕವಳಿದ್ದಾಗಿನಿಂದ ಕಂಡವಳು. ಅಂಗಳದ ನಡುವೆ ನಿಂತು ಅವ್ವನನ್ನು ಹೊರಗೆ ಕರೆದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಗೌಡ್ರಮ್ಮ, ನಮ್ ಮೊಮ್ಮಗ ರಾತ್ರಿಯೆಲ್ಲ ಚಡಪಡಿಸ್ತಾನೆ. ಒಂದು ಮಗ ಇಲ್ದಂಗಾಗಿ ಎರಡನೇದು ಉಳಿಸ್ಕಂಡಿರೋದು ನನ್ ಸೊಸೆ. ನಿಮ್ ಹೊಲ ಉತ್ತಿದೀವಿ, ನಿಮ್ ಹುಣಸೆ ಬಡಿದಿದೀವಿ. ಇದೊಂದು ನಮ್ ಮನೇದು. ಇದನ್ನೂ ಕೇಳಬ್ಯಾಡಿ."

ರತ್ನ ತಾನೇ ಕೊಟ್ಟದ್ದು, ಯಾರೂ ಕೇಳಲಿಲ್ಲ ಅಂತ ಹೇಳಬಹುದಿತ್ತು. ಅದು ನಿಜವೂ ಹೌದು. ಆದರೆ ಹನುಮಕ್ಕ ಹೇಳಿದ್ದು ಅದಕ್ಕಿಂತ ಹಳೆಯ ನಿಜ. ರತ್ನ ಅತ್ತೆಯ ಮುಖ ನೋಡಿದಳು, ಜೋಲಿ ಬಿಚ್ಚಿ ಮಗನನ್ನು ಎತ್ತಿಕೊಂಡಳು, ನನ್ನ ಕಿಟಕಿಯ ಕಡೆ ತಿರುಗದೆ ಹೊರಟಳು. ಅವಳು ಮೊದಲ ಮಗುವನ್ನು ಕಳೆದುಕೊಂಡಿದ್ದು ನನಗೆ ಗೊತ್ತಾದದ್ದು ಆಗಲೇ.

ಆ ದಿನ ಸಂಜೆಯೂ ಮಾರನೆಯ ದಿನವೂ ಅವಳು ಬರಲಿಲ್ಲ. ಸೋಮವಾರ ಹತ್ತಿರವಾಗುತ್ತಿತ್ತು. ಭಾನುವಾರ ಬಂದ ಮಂಜುನಾಥ್ ತುಮಕೂರಿಗೆ ಹೋಗಲು ಗಾಡಿ ಗೊತ್ತುಮಾಡಲೇ ಅಂತ ಕೇಳಿದರು. ನಾಳೆ ಡಾಕ್ಟರು ನೋಡಲಿ ಅಂದೆ. ಅವರು ಸಂಜೆ ವಾಪಸು ಹೋಗದೆ ಉಳಿದರು. ಅವ್ವ ಈಗ ದೇವರು ಕೊಡುತ್ತಾನೆ ಅಂತ ಹೇಳುವುದನ್ನೂ ನಿಲ್ಲಿಸಿದ್ದಳು. ದೀಪ ಹಚ್ಚುತ್ತಿದ್ದಳು, ಸುಮ್ಮನೆ ಅಡುಗೆಮನೆಗೆ ಹೋಗುತ್ತಿದ್ದಳು.

ಆ ಎರಡು ದಿನ ನಾನು ಮಗಳನ್ನು ಎದೆಯಿಂದ ಇಳಿಸಲೇ ಇಲ್ಲ. ಅವಳು ಚೀಪುತ್ತಿದ್ದಳು, ಮಲಗುತ್ತಿದ್ದಳು, ಎದ್ದು ಮತ್ತೆ ಚೀಪುತ್ತಿದ್ದಳು. ನನಗೆ ಹನುಮಕ್ಕನ ಮುಖವೇ ಕಣ್ಣ ಮುಂದೆ. ಅವಳನ್ನು ಬೈಯಲು ಮನಸ್ಸು ಎಷ್ಟು ಹವಣಿಸಿದರೂ ಆಗುತ್ತಿರಲಿಲ್ಲ. ನಾನು ಅವಳ ಜಾಗದಲ್ಲಿದ್ದರೆ ಅದೇ ಅಂಗಳದಲ್ಲಿ ಅದೇ ಮಾತು ಆಡುತ್ತಿದ್ದೆ. ಅವಳ ತಲೆಯಲ್ಲೂ ಸುತ್ತುತ್ತಿದ್ದದ್ದು ನನ್ನದೇ ಪದ. ಭಾನುವಾರ ಸಂಜೆ ಅವ್ವ ದೀಪ ಹಚ್ಚಿದಾಗ ನಾನು ಮಂಚದ ಮೇಲೆ ಕೂತಲ್ಲೇ ಕಣ್ಣು ಮುಚ್ಚಿದೆ. ಹಾಲು ಕೊಡು ಅಂತ ಕೇಳಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು. ಇವಳು ನಿನ್ನವಳು, ಆ ಹುಡುಗನೂ ನಿನ್ನವನು, ನನಗೆ ಲೆಕ್ಕ ಬಿಡಿಸಲು ಆಗುತ್ತಿಲ್ಲ, ನೀನೇ ನೋಡಿಕೋ ಅಂದುಕೊಂಡೆ. ಮುಂದೆ ಏನೂ ತೋಚಲಿಲ್ಲ. ಪವಾಡ ಏನೂ ನಡೆಯಲಿಲ್ಲ. ಆದರೆ ಎಷ್ಟೋ ದಿನದಿಂದ ಬಿಗಿದುಕೊಂಡೇ ಇದ್ದ ಹೆಗಲುಗಳು ಇಳಿದವು. ಮಗಳು ಬಾಯಿ ಬಿಡದೆ ಬಹಳ ಹೊತ್ತು ಚೀಪಿದಳು.

ಸೋಮವಾರ ಬೆಳಿಗ್ಗೆ ನಾವು ಹೊರಡಲು ತಯಾರಾಗುತ್ತಿದ್ದಾಗ ರತ್ನ ಬಂದಳು. ಮಗ ಸೊಂಟದ ಮೇಲಿದ್ದ. ಹಿತ್ತಿಲ ಬಾಗಿಲಿಂದಲ್ಲ, ಜಗಲಿ ಹತ್ತಿ ಅಪ್ಪನ ಮುಂದೆಯೇ ಒಳಗೆ ಬಂದಳು. ಹಿಂದಿನ ದಿನ ನರ್ಸಮ್ಮನ ಮನೆಗೇ ಹೋಗಿ, ಉಪಕೇಂದ್ರದ ಬಾಗಿಲು ತೆಗೆಸಿ, ಅತ್ತೆಯ ಎದುರಿಗೇ ಮಗನ ತೂಕ ಮಾಡಿಸಿದ್ದಳಂತೆ. ಅವನು ಇಳಿದಿರಲಿಲ್ಲ, ಹೋದ ತಿಂಗಳಿಗಿಂತ ಏರಿದ್ದ. ಚಡಪಡಿಸುತ್ತಿದ್ದದ್ದು ಸೆಕೆಗೆ, ಬೆವರುಸಾಲೆಗೆ.

"ಅತ್ತೆ ಏನಂದ್ರು?" ಕೇಳಿದೆ.

"ಹೂಂ ಅನ್ಲಿಲ್ಲ. ಬ್ಯಾಡ ಅಂತಾನೂ ಅನ್ಲಿಲ್ಲ. ಅದೇ ಸಾಕು ಅಂತ ಬಂದ್ಬುಟ್ಟೆ."

ನನ್ನ ಮಗಳಿಗೆ ಹಾಲು ಕೊಡುತ್ತಾ ಕೂತವಳನ್ನು ನಾನು ಕೇಳಿಯೇಬಿಟ್ಟೆ, ನಿನ್ನ ಮಗನಿಗೆ ಸಾಲದೇ ಹೋದರೆ ಅಂತ ನಿನಗೆ ಭಯ ಆಗಲ್ವಾ ಅಂತ. ರತ್ನ ಕೂಸಿನ ಕತ್ತಿನ ಹಿಂದೆ ಅಂಗೈ ಸರಿಮಾಡಿಕೊಂಡಳು.

"ಆಗ್ದೆ ಏನಕ್ಕ, ದಿನಾ ಆಗ್ತದೆ. ಇಲ್ಲಿ ಕುಡಿಸಿ ಮನೆ ಕಡೀಕ್ಕೆ ಹೋಗ್ತಾ ಇರ್ತೀನಲ್ಲ, ಆ ದಾರೀಲಿ ಎದೆ ಹಗೂರ ಇರ್ತದೆ, ಆವಾಗ ಭಯ ಆಗ್ತದೆ. ಮನೇಗ್ ಹೋಗಿ ಇವನನ್ನ ಎದೆಗ್ ಹಾಕ್ಕಂತೀನಿ. ಹೆಂಗೋ ಏನೋ, ಹಾಲು ತಿರ್ಗಾ ಇಳಿದಿರ್ತದೆ."

ಮಧುಗಿರಿ ಆಸ್ಪತ್ರೆಯಲ್ಲಿ ನಮ್ಮ ಸರದಿ ಬರುವ ಹೊತ್ತಿಗೆ ಹನ್ನೆರಡು ಗಂಟೆ ದಾಟಿತ್ತು. ಕಾರಿಡಾರಿನ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಾ. ಅವ್ವ ಅದರ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ಕೂತಿದ್ದಳು. ಮಂಜುನಾಥ್ ಬಾಗಿಲ ಹತ್ತಿರ ಹೋಗುವುದು ಬರುವುದು ಮಾಡುತ್ತಿದ್ದರು. ಬಟ್ಟೆ ಬಿಚ್ಚಿ ಮಗಳನ್ನು ತಕ್ಕಡಿಯ ಮೇಲೆ ಮಲಗಿಸಿದಾಗ ಅವಳು ಕೈಕಾಲು ಒದರಿದಳು, ಅಂಕಿ ನಿಲ್ಲದೆ ಹಿಂದೆ ಮುಂದೆ ಓಡಾಡಿತು. ನನಗೆ ನೋಡಲಾಗಲಿಲ್ಲ, ಡಾಕ್ಟರ ಮುಖವನ್ನೇ ನೋಡಿದೆ. ಅವರು ಹಳೆಯ ಚೀಟಿ ತಿರುವಿ ನೋಡಿದರು. ಇನ್ನೊಮ್ಮೆ ಮಗಳನ್ನು ಎತ್ತಿ ಮಲಗಿಸಿ ತೂಗಿದರು. ಆಮೇಲೆ ಸ್ವಲ್ಪ ಏರಿದೆ ಅಂದರು. ಏನು ಮಾಡ್ತಿದ್ದೀರೋ ಅದನ್ನೇ ಮಾಡಿ, ಅಡ್ಮಿಟ್ ಬೇಡ, ಹದಿನೈದು ದಿನ ಬಿಟ್ಟು ಬನ್ನಿ ಅಂದರು. ಹೊರಗೆ ಬಂದು ಅವ್ವನಿಗೆ ಹೇಳಿದೆ. ಅವಳು ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ತನ್ನ ಸೆರಗನ್ನು ಅವಳ ತಲೆಗೆ ಹೊದಿಸಿದಳು.

ಅಲ್ಲಿಂದ ಮುಂದೆ ದಿನಗಳು ಉಸಿರಾಡುವಂತಾದವು. ಹುಣಸೆಹಣ್ಣಿನ ಕೆಲಸ ಮುಗಿದು, ಮೂಟೆಗಳು ತುಮಕೂರಿನ ಮಂಡಿಗೆ ಹೋದವು. ಕೆಲಸವಿಲ್ಲದಿದ್ದರೂ ರತ್ನ ಸಂಜೆ ಬಂದು ಹೋಗುತ್ತಿದ್ದಳು. ಅವಳಿಗೆ ಅವ್ವ ನನಗೆ ಮಾಡಿದ ಗಂಜಿಯಲ್ಲೇ ಪಾಲು ಕೊಡುತ್ತಿದ್ದಳು, ಮೊದಮೊದಲು ಬೇರೆ ಲೋಟದಲ್ಲಿ, ಆಮೇಲೆ ಕೈಗೆ ಸಿಕ್ಕ ಲೋಟದಲ್ಲಿ. ಭರಣಿ ಮಳೆ ಒಂದು ಹದ ಬಿದ್ದ ದಿನ ಮಗಳು ನನ್ನ ಎದೆಯಲ್ಲಿ ಕುಡಿಯುತ್ತಿದ್ದಾಗ ಆ ಗುಟುಕಿನ ಶಬ್ದ ಕೇಳಿಸಿತು. ರತ್ನ ಬಂದಿದ್ದಾಳೇನೋ ಅಂದುಕೊಂಡು ತಲೆ ಎತ್ತಿ ನೋಡಿದೆ, ಕೋಣೆಯಲ್ಲಿ ಯಾರೂ ಇರಲಿಲ್ಲ. ಶಬ್ದ ನನ್ನ ಮಡಿಲಿನಿಂದಲೇ ಬರುತ್ತಿತ್ತು. ಅವ್ವನನ್ನು ಕೂಗಿ ಕರೆದು ಕೇಳಿಸಿದೆ. ಆಮೇಲೆ ದಿನದಿನಕ್ಕೂ ರತ್ನ ಕೂರುವ ಹೊತ್ತು ಕಮ್ಮಿಯಾಗುತ್ತಾ ಬಂತು. ಬಂದರೂ ಬರೀ ಮಾತಿಗೆ ಬರುತ್ತಿದ್ದಳು.

ಮುಂಗಾರು ಹಿಡಿದ ಮೇಲೆ ಊರಲ್ಲಿ ಜ್ವರ ಕಾಣಿಸಿಕೊಂಡಿತು. ಒಂದು ವಾರ ರತ್ನ ಬರಲಿಲ್ಲ. ವಿಚಾರಿಸಿದರೆ ಡೆಂಗಿ ಅಂದರು. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದು ಅವಳನ್ನು ಮಧುಗಿರಿಯಿಂದ ತುಮಕೂರಿಗೆ ಕರೆದುಕೊಂಡು ಹೋಗಿದ್ದರು. ಮಗುವನ್ನು ಆಸ್ಪತ್ರೆಯ ವಾರ್ಡಿನಲ್ಲಿ ಇಟ್ಟುಕೊಳ್ಳಲು ಆಗದೆ ಹನುಮಕ್ಕನ ಹತ್ತಿರ ಬಿಟ್ಟಿದ್ದರು.

ಒಂದು ಸಂಜೆ ಸಣ್ಣಗೆ ಮಳೆ ಹನಿಯುತ್ತಿತ್ತು. ಅಂಗಳದಲ್ಲಿ ಯಾರೋ ನಿಂತ ಹಾಗಾಯಿತು. ಹನುಮಕ್ಕ, ಮೊಮ್ಮಗನನ್ನು ಗೋಣಿಯ ಕೊಪ್ಪೆಯೊಳಗೆ ಅಪ್ಪಿಕೊಂಡು ನಿಂತಿದ್ದಳು. ಹುಡುಗನಿಗೆ ಅತ್ತು ಅತ್ತು ಗಂಟಲು ಕಟ್ಟಿತ್ತು. ಬಾಟಲಿ ಮುಟ್ಟುವುದಿಲ್ಲ, ರಾಗಿ ಸರಿ ಉಗಿಯುತ್ತಾನೆ, ನೀರೂ ಕುಡಿಯುತ್ತಿಲ್ಲ ಅಂತ ಆಮೇಲೆ ತಿಳಿಯಿತು. ಆಗ ಅವಳು ಇಷ್ಟೇ ಹೇಳಿದಳು: "ಗೌಡ್ರಮ್ಮ..." ಆ ಅಂಗಳದಲ್ಲಿ ಅದೇ ಜಾಗದಲ್ಲಿ ನಿಂತು ತಾನು ಹೇಳಿದ್ದು ಅವಳಿಗೆ ನೆನಪಿತ್ತು. ನಮಗೂ ನೆನಪಿತ್ತು.

ಜಗಲಿಯ ಮೇಲೆ ಕೂತಿದ್ದ ಅಪ್ಪ ಎದ್ದು ನಿಂತರು. ಆವತ್ತು ಹೊಲದ ಕಡೆ ಹೋದ ಮೇಲೆ ಈ ವಿಷಯದಲ್ಲಿ ಅವರು ಒಂದು ಮಾತೂ ಆಡಿರಲಿಲ್ಲ.

"ಮಳೇಲಿ ಯಾಕೆ ನಿಂತೀಯ ಹನುಮಕ್ಕ," ಅಂದರು. "ಒಳೀಕ್ಕೆ ಕರ್ಕಂಡ್ ಹೋಗು ಕೂಸ್ನ, ನೆನೀತದೆ."

ನಾನು ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಕ್ಷಣ ನನ್ನೊಳಗೆ ಮೊದಲು ಎದ್ದದ್ದು ಕರುಣೆ ಅಂತ ಹೇಳಲಾರೆ. ನನ್ನ ಮಗಳಿಗೆ ಸಾಲದೇ ಹೋದರೆ? ಮೊನ್ನೆ ಮೊನ್ನೆ ಬಂದ ಹಾಲು, ಇವನು ಏಳು ತಿಂಗಳ ಗಟ್ಟಿ ಹುಡುಗ. ಹೋಯಿತು ಅಂದುಕೊಂಡಿದ್ದ ಭಯ ಹಾಗೇ, ಅದೇ ಪದ ಹಿಡಿದುಕೊಂಡು ಎದ್ದು ನಿಂತಿತ್ತು. ರತ್ನ ದಿನಾ ಇದನ್ನು ಹೊತ್ತುಕೊಂಡೇ ನಮ್ಮ ಮನೆಯಿಂದ ಕಾಲೋನಿಗೆ ನಡೆದಿದ್ದಾಳೆ ಅನ್ನುವುದು ಆಗ ಅರ್ಥವಾಯಿತು. ಅವಳು ಹೇಳಿದಾಗ ಕೇಳಿಸಿಕೊಂಡಿದ್ದೆ, ಅಷ್ಟೇ.

ಕೈ ಚಾಚಿದೆ. ಹನುಮಕ್ಕ ಹುಡುಗನನ್ನು ಕೊಟ್ಟಳು. ಭಾರವಿದ್ದ. ಮೈ ಬೆಚ್ಚಗಿತ್ತು, ತಲೆಗೂದಲು ಒದ್ದೆ. ಮಂಚದ ಮೇಲೆ ಕೂತು ಎದೆಗೆ ಹಿಡಿದರೆ ಮುಖ ಹಿಂದಕ್ಕೆ ಎಳೆದು ನನ್ನನ್ನು ದುರುಗುಟ್ಟಿ ನೋಡಿದ. ನೀನು ಯಾರು ಅಂತ ಕೇಳಿದ ಹಾಗಿತ್ತು. ಅವನ ತಾಯಿ ನನ್ನ ಮಗಳನ್ನು ಹಿಡಿಯುತ್ತಿದ್ದ ಹಾಗೆ, ಕತ್ತಿನ ಹಿಂದೆ ಅಂಗೈ ಕೊಟ್ಟು ಕಾದೆ. ಬಿಕ್ಕುತ್ತಾ ಬಿಕ್ಕುತ್ತಾ ಕಚ್ಚಿಕೊಂಡ. ಹಲ್ಲು ಮೂಡುತ್ತಿತ್ತು, ನೋವಿಗೆ ನನ್ನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ಎದೆಯೊಳಗೆ ಜುಮ್ಮೆಂದಿತು, ಹಾಲು ಇಳಿಯುವಾಗ ಆಗುವ ಹಾಗೆ. ಅವನು ಬಿಕ್ಕುವುದನ್ನು ಬಿಟ್ಟು ಕುಡಿಯತೊಡಗಿದ. ಹನುಮಕ್ಕ ಕೋಣೆಯ ಹೊಸ್ತಿಲ ಹೊರಗೆ ನೆಲದ ಮೇಲೆ ಕುಸಿದು ಕೂತಳು. ಅವ್ವ ಅವಳ ಪಕ್ಕದಲ್ಲೇ ಕೂತು, ಅವಳ ಒದ್ದೆ ಕೊಪ್ಪೆಯನ್ನು ತೆಗೆದು ಪಕ್ಕಕ್ಕಿಟ್ಟಳು. ಇಬ್ಬರೂ ಆ ಹುಡುಗ ಕುಡಿಯುವುದನ್ನೇ ನೋಡುತ್ತಾ ಕೂತಿದ್ದರು.

ಅವನು ಮಲಗಿದ ಮೇಲೆ ಮಗಳು ಎದ್ದಳು. ಅವಳನ್ನು ಇನ್ನೊಂದು ಬದಿಗೆ ಹಾಕಿಕೊಂಡೆ, ಹೆದರುತ್ತಲೇ. ಅವಳೂ ಕುಡಿದಳು.

ರತ್ನ ಉಳಿದುಕೊಂಡಳು. ಆದರೆ ಮನೆಗೆ ಬಂದಾಗ ಬಡಕಲಾಗಿದ್ದಳು, ಅವಳ ಹಾಲು ಬತ್ತಿತ್ತು. ಆ ಮಳೆಗಾಲ ಪೂರ್ತಿ, ನಾನು ಶಿರಾಕ್ಕೆ ಹೊರಡುವವರೆಗೆ, ಎರಡೂ ಮಕ್ಕಳು ನನ್ನ ಹತ್ತಿರವೇ ಕುಡಿದವು. ಒಂದು ದಿನ ಸಾಕಾಯಿತು, ಇನ್ನೊಂದು ದಿನ ಕಮ್ಮಿಯಾಯಿತು, ಕಮ್ಮಿಯಾದ ದಿನ ಹುಡುಗ ರಾಗಿ ಸರಿ ತಿಂದ. ನಾಳೆಗೆ ಇರುತ್ತದೆಯೇ ಅಂತ ನನಗೆ ಒಂದು ದಿನವೂ ಮುಂಚಿತವಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದಾಗ ಇರುತ್ತಿತ್ತು.

ಹನುಮಕ್ಕ ಮೊಮ್ಮಗನನ್ನು ತಂದ ಆ ಮೊದಲ ಸಂಜೆಯೇ, ಎರಡೂ ಕೂಸುಗಳು ಮಂಚದ ಮೇಲೆ ಪಕ್ಕಪಕ್ಕ ಮಲಗಿದ್ದಾಗ, ಸುದ್ದಿ ತಿಳಿದು ರತ್ನಳ ಗಂಡ ಆಸ್ಪತ್ರೆಯಿಂದ ಫೋನು ಮಾಡಿದ. ಮಗುವಿನ ವಿಷಯ ಕೇಳಬೇಕು ಅಂತ ಅವಳು ಹಟ ಹಿಡಿದಿದ್ದಾಳೆ ಅಂದು, ಫೋನನ್ನು ಅವಳ ಕಿವಿಗೆ ಹಿಡಿದ. ಅವಳ ದನಿ ಗುರುತೇ ಸಿಗದಷ್ಟು ಬಳಲಿತ್ತು.

"ಕುಡುದ್ನಾ ಅಕ್ಕ?"

"ಕುಡಿದ ಕಣೆ. ಹೊಟ್ಟೆ ತುಂಬ ಕುಡಿದು ಮಲಗವ್ನೆ."

ಆಮೇಲೆ ಕೇಳಿದಳು, "ಪಾಪೂಗೆ?"

"ಅವಳೂ ಕುಡಿದ್ಲು."

"ಇಬ್ರಿಗೂ ಸಾಕಾಯ್ತಾ?"

"ಸಾಕಾಯ್ತು ಕಣೆ ರತ್ನ," ಅಂದೆ. "ಇವತ್ತಿಗೆ ಸಾಕಾಯ್ತು."